ಹತ್ತು ಹೆಜ್ಜೆ

ವರದಿಯ ಹನ್ನೆರಡನೇ ಪುಟ ನನ್ನದು: ‘ನಮ್ಮ ಹಳ್ಳ, ನಮ್ಮ ಹೊಣೆ’.
ಮಿಂಚುಳ್ಳಿಯ ಚಿತ್ರ ಕೊಂಡು ತಂದದ್ದು, ಮೂವತ್ತು ಪೌಂಡು;
ಯಾವ ದೇಶದ ನೀರು ಕಾಯುತ್ತಿದ್ದ ಹಕ್ಕಿಯೋ.
ಅಂಕಿ ಮಾತ್ರ ಇಲ್ಲಿಯದೇ,
ಹ್ಯಾಲಿಫ್ಯಾಕ್ಸಿನ ಹೆಬಲ್ ಹಳ್ಳದ್ದು.

ತರುವವಳು ಲೊರೇನ್ ಮಿಡ್ಗ್ಲಿ, ತಿಂಗಳ ಮೊದಲ ಮಂಗಳವಾರ,
ಮೊಣಕಾಲುದ್ದ ಬೂಟು, ಆರು ಬಾಟಲಿ.
ಅವಳಮ್ಮನ ಕಾಲಕ್ಕೆ ಹಳ್ಳ
ಸೋಮವಾರ ಕೆಂಪು, ಗುರುವಾರ ನೀಲಿ;
ಜಮಖಾನೆ ಗಿರಣಿಯ ಹೊಟ್ಟೆಯಲ್ಲೇನಿದೆಯೆಂದು
ಶಾಲೆಯ ಮಕ್ಕಳಿಗೂ ಗೊತ್ತಿತ್ತು.
ಈಗ ತಿಳಿನೀರು.
ಬಾಟಲಿಗಷ್ಟೇ ಗೊತ್ತು.

ಎಲ್ಲಿ ಬಗ್ಗಬೇಕೆಂದು ಕೈಪಿಡಿಯಲ್ಲಿದೆ:
ಕೊಳವೆಯ ಬಾಯಿಂದ ಹತ್ತು ಹೆಜ್ಜೆ ಮೇಲೆ.
ಯಾರೂ ಸುಳ್ಳು ಹೇಳಲಿಲ್ಲ.
ನಾನೂ. ಬಂದ ಅಂಕಿಯನ್ನು ಹಸಿರು ಚೌಕದೊಳಗೆ ಕೂರಿಸಿದೆ,
ಏಳು ವರ್ಷ. ಒಮ್ಮೆ ಬಹುಮಾನವೂ ಬಂತು,
ಬಿದಿರಿನ ಫಲಕ. ಮೇಜಿನ ಮೇಲಿದೆ,
ಅದರ ಮೇಲೆ ನನ್ನ ಚಹಾ.

ಈ ಮಂಗಳವಾರ ಅಂಕಿಯೊಂದು ಚೌಕದಲ್ಲಿ ಹಿಡಿಸಲಿಲ್ಲ.
ಗ್ರಾಫಿನ ಗೆರೆ ಶೀರ್ಷಿಕೆಯನ್ನೇ ತೂರಿಕೊಂಡು ಹೋಯಿತು.

ಫೋನು ಮಾಡಿದೆ. ‘ಲೊರೇನ್, ಎಲ್ಲೋ ಕೈ ತಪ್ಪಿರಬೇಕು.’
ಆ ಕಡೆ ನೀರಿನ ಸದ್ದು, ಮೂಗೊರೆಸಿಕೊಂಡ ಸದ್ದು.
‘ಕೈಯಲ್ಲ,’ ಎಂದಳು, ‘ಕಾಲು.
ಮುಂದಿನ ವಾರ ರಿಟೈರ್ ಆಗ್ತೀನಲ್ಲ,
ಒಮ್ಮೆ ಕೆಳಕ್ಕೆ ನಡೆದು ನೋಡಿದೆ.’

ಐದಕ್ಕೆ ಪುಟ ಮುದ್ರಣಕ್ಕೆ ಹೋಗಬೇಕು.
ಮಿಂಚುಳ್ಳಿಯನ್ನು ಒಂಚೂರು ಹಿಗ್ಗಿಸಿದರೆ
ಗ್ರಾಫಿಗೆ ಜಾಗವೇ ಉಳಿಯುವುದಿಲ್ಲ.
ಬೆರಳು ಮೌಸಿನ ಮೇಲಿದೆ.
ಚಹಾ ಆರಿದೆ.
ಗಂಟೆ ನಾಲ್ಕೂ ಮುಕ್ಕಾಲು.