ನಕ್ಕೊ ಅಂದಾಕಿ

ತೀನ್ ಕಂದಿಲ್ ಹಿಂದಿನ ಓಣಿ, ನನ್ನ ಹೊಲಿಗಿ ಅಂಗಡಿ.
ದಾರದ ಡಬ್ಬಿಗೆ ಒರಗಿಸಿಟ್ಟ ಫೋನು,
ಅದರೊಳಗೆ ಕರಾಚಿ.
ರಾಯಚೂರಿನ ಮೇ ತಿಂಗಳು. ಫ್ಯಾನು ಬಿಸಿಗಾಳಿಯನ್ನೇ
ಮಡಚಿ ಮಡಚಿ ನಮ್ಮ ಮೇಲೆ ಹಾಕುತ್ತಿತ್ತು.

ಹುಡುಗ ಹುಡುಗಿಯ ಸ್ಕೂಟಿಗೆ ಗುದ್ದುತ್ತಾನೆ.
ಹುಡುಗಿ ಬೈಯುತ್ತಾಳೆ.
ಮದುವೆ ಮನೆಗೆ ಹೋಗಿ ನೋಡಿದರೆ
ಅವನೇ ವರನ ಗೆಳೆಯ, ಇವಳೇ ವಧುವಿನ ತಂಗಿ.
"ಇಷ್ಟೇನಾ?" ಅಂದಳು ಸೂಗಮ್ಮ ಗುಂಡಿ ಹಚ್ಚುತ್ತ,
"ಇದು ನಮ್ಮ ಕಡೀನೂ ಆಗ್ತದ,
ಸ್ಕೂಟಿ ಒಂದು ಇರಂಗಿಲ್ಲ."

ಸೂಗಮ್ಮನಿಗೆ ಆ ಉರ್ದು ತಿಳಿಯದು.
ಜೈತುನ್‌ಬಿ ಬಿಡಿಸಿ ಹೇಳಬೇಕು.
ಹೇಳುವ ಮೊದಲೇ ತಾನು ನಕ್ಕು,
ಕೆಮ್ಮಿ, ನೀರು ಕುಡಿದು, ಕಣ್ಣೊರೆಸಿ
ಹೇಳುವಷ್ಟರಲ್ಲಿ ಅಲ್ಲಿ ಯಾರೋ ಅಳುತ್ತಿರುತ್ತಾರೆ.
ಹೀಗಾಗಿ ಸೂಗಮ್ಮ ನಕ್ಕದ್ದೆಲ್ಲ
ಅಳುವ ಸೀನಿಗೆ.

ಖಾಜಾಬನಿಗೆ ಕಥೆ ಬೇಡ, ಬಟ್ಟೆ ಬೇಕು.
"ಘರಾರಾದ ಮೊಣಕಾಲ ಹೊಲಿಗಿ ನೋಡ್ರಿ, ಸೊಟ್ಟ!
ಇಷ್ಟು ರೊಕ್ಕ ಸುರುವಿ ತೆಗದಾರ,
ಒಬ್ಬ ಟೇಲರ್ ಸಿಗಲಿಲ್ಲೇನು?"

ಹತ್ತಿ ಮಿಲ್ಲಿನಿಂದ ಊಟಕ್ಕೆ ಹೊರಟ ವಿರುಪಣ್ಣ
ಬಾಗಿಲಲ್ಲಿ ನಿಂತ: "ಅವರದೇನು ನೋಡೂದು?"
ಯಾರೂ ಉತ್ತರ ಕೊಡಲಿಲ್ಲ.
ನಿಂತೇ ಇದ್ದ, ಡಬ್ಬಿ ಕೈಯಲ್ಲೇ ಆರುತ್ತಿತ್ತು.
ಆಮೇಲೆ, ಬೈಯುವ ಧಾಟಿಯಲ್ಲೇ,
"ಹುಡುಗನ ಅಪ್ಪ ಚಲೋ ಮಾಡ್ಯಾನ" ಅಂದ.

ಆಗ ಬಂದಳು ಒಬ್ಬ ಮುದುಕಿ.
ದಪ್ಪ ಕನ್ನಡಕ, ಸೆರಗಿಗೆ ಕೀಲಿ ಗೊಂಚಲು,
ಅಷ್ಟು ಜನರಲ್ಲಿ ಸೀರೆ ಉಟ್ಟವಳು ಅವಳೊಬ್ಬಳೇ.
ಎರಡನೇ ಸಲ ಬಡಿಸಲು ಬಂದವನ ಸೌಟಿಗೆ
ಕೈ ಅಡ್ಡ ಹಿಡಿದಳು: "ನಕ್ಕೊ ರೇ, ನಕ್ಕೊ!"

ನಮ್ಮ ಮಿಷನ್ನುಗಳು ನಿಂತವು.

"ಯವ್ವಾ, ಈಕಿ ನಮ್ಮಾಕಿ!"
ಗುಂಡಿಗಳೆಲ್ಲ ನೆಲಕ್ಕೆ ಚೆಲ್ಲಿ ಸೂಗಮ್ಮ ಎದ್ದುಬಿಟ್ಟಳು.
ಇಡೀ ಸಿನಿಮಾದಲ್ಲಿ ಯಾರೂ ಬಿಡಿಸಿ ಹೇಳದೆ
ಆಕೆಗೆ ತಿಳಿದ ಒಂದೇ ಮಾತು.
ಎಂದೋ ರೈಲು ಹತ್ತಿ, ಹಡಗು ಹತ್ತಿ ಹೋದವರು
ಏನು ಒಯ್ದರೋ, ಏನು ಬಿಟ್ಟರೋ,
ಇದೊಂದನ್ನು ದವಡೆಯಲ್ಲಿ ಇಟ್ಟುಕೊಂಡು ಹೋಗಿದ್ದರು
ಎಲೆ ಅಡಿಕೆಯ ಹಾಗೆ.

ಆದರೆ ಆ ಮದುವೆ ಮನೆ ನಗುತ್ತಿತ್ತು.
ನಕ್ಕೊ ಅಂದಳು, ನಕ್ಕರು.
ಹೌ ಅಂದಳು, ನಕ್ಕರು.
ಕಾಯ್ಕು ಅಂದಳು, ಹೊಟ್ಟೆ ಹಿಡಿದು ನಕ್ಕರು.
ಆಕೆ ಮಾಡಿದ ತಮಾಷೆ ಬೇರೆ ಏನೂ ಇರಲಿಲ್ಲ.

ಎರಡು ತಾಸು ಎಲ್ಲರಿಗಿಂತ ಮೊದಲು ನಕ್ಕ ಜೈತುನ್‌ಬಿ
ಕತ್ತರಿ ಎತ್ತಿಕೊಂಡು, ಬಟ್ಟೆ ಇಲ್ಲದೆ,
ಗಾಳಿಯಲ್ಲಿ ಎರಡು ಸಲ ಕಚಕ್ ಅನಿಸಿದಳು.
"ಬರೇ ಕತ್ತರಿ ಆಡಿಸಬ್ಯಾಡ, ಜಗಳ ಆಗ್ತಾವ" ಅಂದೆ.
"ಆಗಲಿ" ಅಂದಳು.

ಆಯಿತು.
"ಬಿಡು, ನಗಸಾಕ ಒಂದು ಪಾತ್ರ ಬೇಕಲ್ಲ" ಖಾಜಾಬನಿ.
"ಪಾತ್ರ ಅಲ್ಲ ಅದು, ನಮ್ಮವ್ವ" ಜೈತುನ್‌ಬಿ.
"ಬೆಂಗಳೂರು ಬಸ್ಸಿನಾಗ ನಾ ಮಾತಾಡಿದ್ರ
ಕಂಡಕ್ಟರೂ ನಕ್ಕಿದ್ದ" ಸೂಗಮ್ಮ, ನೆಲದಲ್ಲಿ ಗುಂಡಿ ಹುಡುಕುತ್ತ,
"ಚಿಲ್ಲರೆ ಮಾತ್ರ ಕೊಡಲಿಲ್ಲ."
"ನಾ ಆಗಲೇ ಹೇಳಲಿಲ್ಲೇನು" ಅಂತ ಬಾಯಿ ತೆಗೆದ ವಿರುಪಣ್ಣನನ್ನು
ಮೂವರೂ ಸೇರಿ ಊಟಕ್ಕೆ ಅಟ್ಟಿದರು.

ಈ ಗದ್ದಲದಲ್ಲಿ ಹುಡುಗ ಹುಡುಗಿ
ಯಾವಾಗ ಒಂದಾದರೋ ನೋಡಲಿಲ್ಲ ನಾವು.
ಹೆಸರುಗಳು ಮೇಲಕ್ಕೆ ಓಡುತ್ತಿದ್ದವು.
ಜೈತುನ್‌ಬಿ ಮೂಗು ತಾಗುವಷ್ಟು ಹತ್ತಿರ ಹೋಗಿ ಹುಡುಕಿದಳು.
ಮುದುಕಿಯದು ಸಿಗಲಿಲ್ಲ.

ಸಂಜೆ ಕುಪ್ಪಸ ಒಯ್ಯಲು ಬಂದ ಟೀಚರು ಕೇಳಿದರು:
"ಪಿಚ್ಚರ್ ನೋಡಿದಿರಂತ, ಹೆಂಗೈತಿ?"
"ಚಲೋ ಐತಿ" ಅಂದೆ. "ಹೊಲಿಗಿ ಸೊಟ್ಟ."

ಈಗ ದಿನಾ ಚಹಾದ ಹೊತ್ತಿಗೆ
ಜೈತುನ್‌ಬಿ ಅದೊಂದೇ ತುಣುಕು ಹಚ್ಚುತ್ತಾಳೆ.
ಮುದುಕಿ ಬರುತ್ತಾಳೆ, ಕೈ ಅಡ್ಡ ಹಿಡಿಯುತ್ತಾಳೆ, ನಕ್ಕೊ ಅನ್ನುತ್ತಾಳೆ.
ನಗು ಶುರುವಾಗುವ ಮೊದಲೇ
ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು ಫೋನಿನ ಮೇಲೆ.
ಎಲ್ಲ ನಿಲ್ಲುತ್ತದೆ.
ಬಡಿಸುವವನ ಸೌಟು, ಅಲ್ಲೇ, ಗಾಳಿಯಲ್ಲಿ.