ಮುನ್ನೂರ ಎಪ್ಪತ್ತೊಂದು

ಎಣಿಸಿದವಳು ನಾನೇ.
ಕೌಂಟಿ ಕಚೇರಿಯ ನೆಲಮಾಳಿಗೆ, ಹಿಮ ಬಾಚುವ ಸಲಿಕೆಗಳ ಹಿಂದೆ
ನೀಲಿ ಪೆಟ್ಟಿಗೆಯೊಂದು ಸೀಲು ಒಡೆಯದೆ ಕೂತಿತ್ತು,
ಚುನಾವಣೆ ಮುಗಿದು ಒಂಬತ್ತು ದಿನ.
ಬೆರಳಿಗೆ ರಬ್ಬರ್ ಟೊಪ್ಪಿಗೆ ಹಾಕಿ ಒಂದು ಸಲ,
ಎರಡೂ ಪಕ್ಷದವರ ಉಸಿರು ಕುತ್ತಿಗೆಗೆ ತಾಗುತ್ತಿರಲು ಇನ್ನೊಂದು ಸಲ,
ವಕೀಲರು ಬೂಟಿನ ಹಿಮ ಒದರಿ ಒಳಬಂದ ಮೇಲೆ ಮತ್ತೊಂದು ಸಲ.
ಮೂರು ಸಲವೂ ಅಷ್ಟೇ: ಮುನ್ನೂರ ಎಪ್ಪತ್ತೊಂದು ಮತ.
ಗೆದ್ದವನ ಅಂತರ ಇನ್ನೂರ ಒಂಬತ್ತು.

ಸಂಜೆಯೊಳಗೆ ಟೀವಿ ವ್ಯಾನುಗಳು ಸುಪೀರಿಯರ್ ದಂಡೆಯುದ್ದಕ್ಕೂ.
ಅದಿರು ಹಡಗು ಕೂಗಿದ್ದಕ್ಕೆ ಬೆಚ್ಚಿಬಿದ್ದ ಹುಡುಗಿಯೊಬ್ಬಳು
ಮೈಕು ಹಿಡಿದು ನನ್ನ ಹೆಸರನ್ನು ತಪ್ಪಾಗಿ ಹೇಳಿದಳು.
ಸಂಖ್ಯೆಯನ್ನು ಮಾತ್ರ ಸರಿಯಾಗಿ.

ಇನ್ನು ಓರ್ವೋ, ನನ್ನ ಅಕ್ಕನ ಮಗ.
ಪಾರ್ಕಿಂಗ್ ಕಟ್ಟಡದ ಗಾಜಿನ ಗೂಡಿನಲ್ಲಿ ರಾತ್ರಿಪಾಳಿ,
ಕಾಲ ಬಳಿ ಹೀಟರು, ಕೈಯಲ್ಲಿ ಫೋನು,
ಗುರುತಿಲ್ಲದವರನ್ನು ಹೆದರಿಸಲು ಕಥೆ ಬರೆಯುತ್ತಾನೆ.
ಏಪ್ರಿಲ್‌ನಲ್ಲಿ ಬರೆದದ್ದು ಒಂದು ಮೆಟ್ಟಿಲ ಕಥೆ:
ಇಳಿಯುವಾಗ ಹದಿನೇಳು,
ಹತ್ತುವಾಗ ಮುನ್ನೂರ ಎಪ್ಪತ್ತೊಂದು.
ಮೇಲೆ ಬಂದವರ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ,
ನಾಯಿ ಮಾತ್ರ ಬಾಲ ಅಲ್ಲಾಡಿಸುತ್ತದೆ.
(ಆ ನಾಯಿ ನನಗಿಷ್ಟ.)

ಆಮೇಲೆ ನೋಡಿ.
ಕಾಣದ ಊರುಗಳಿಂದ ಓರ್ವೋನಿಗೆ ಪತ್ರ:
ನಿನಗೆ ಏಪ್ರಿಲ್‌ನಲ್ಲೇ ಹೇಗೆ ಗೊತ್ತಾಯಿತು?
ಯಾರು ಹೇಳಿದರು? ಎಷ್ಟು ಕೊಟ್ಟರು?
ಒಬ್ಬ ಮೂರು, ಏಳು, ಒಂದನ್ನು ಕೂಡಿಸಿ ಹನ್ನೊಂದು ಮಾಡಿದ,
ಹನ್ನೊಂದರಿಂದ ನವೆಂಬರ್ ಮಾಡಿದ,
ನವೆಂಬರಿನಿಂದ ನನ್ನನ್ನು ಮಾಡಿದ.
ಟೆಕ್ಸಸ್‌ನಿಂದ ಇನ್ನೊಬ್ಬ ನನಗೇ ಫೋನು ಹಚ್ಚಿ ಕೇಳಿದ,
ಬಹಳ ಮರ್ಯಾದೆಯಿಂದ, ಮೇಡಂ ಅನ್ನುತ್ತ:
ನಿಮ್ಮ ನೆಲಮಾಳಿಗೆಗೆ ಮೆಟ್ಟಿಲೆಷ್ಟು?
ಎಣಿಸಿಲ್ಲ ಅಂದೆ.
ಇಪ್ಪತ್ತಾರು ವರ್ಷ ಎಣಿಸುವುದೇ ಕಸುಬಾದವಳು,
ಎಣಿಸಿಲ್ಲ ಅಂದೆ.

ಕಾಗೆ ಕೂತಿತು, ಕೊಂಬೆ ಮುರಿಯಿತು.
ಇಲ್ಲಿ ಗಲ್ ಹಕ್ಕಿ ಕೂತಿತು, ಕೆರೆಯ ಮಂಜುಗಡ್ಡೆ ಬಿರಿಯಿತು, ಅಷ್ಟೇ.
ಹಕ್ಕಿಯನ್ನು ವಿಚಾರಣೆಗೆ ಕರೆಯುತ್ತಾರೆಯೇ?

ಓರ್ವೋನನ್ನು ಕೇಳಿದೆ, ಅದೇ ಸಂಖ್ಯೆ ಯಾಕೋ ಮಾರಾಯ.
ಚಿಪ್ಸು, ಒಂದು ಸೋಡಾ, ಅಂದ.
ಬಿಲ್ಲು ಮೇಜಿನ ಮೇಲಿತ್ತು, ಮೂರು ಡಾಲರು ಎಪ್ಪತ್ತೊಂದು ಸೆಂಟು.
ಯಾವುದಾದರೂ ಒಂದು ಬೇಕಿತ್ತಲ್ಲ ಚಿಕ್ಕಮ್ಮ.

ಹೌದು, ಯಾವುದಾದರೂ ಒಂದು.
ಆದರೆ ನನ್ನ ಪೆಟ್ಟಿಗೆಯೊಳಗೆ ಯಾವುದೋ ಒಂದು ಇರಲಿಲ್ಲ.
ಕಾಫಿ ಲೋಟದ ಉಂಗುರ ಬಿದ್ದದ್ದೊಂದಿತ್ತು.
ಶೆರೀಫನ ಜಾಗಕ್ಕೆ ತನ್ನ ಬೆಕ್ಕಿನ ಹೆಸರು ಬರೆದದ್ದೊಂದು.
ಹಡಗುಕಟ್ಟೆಯ ಗ್ರೀಸು ಹತ್ತಿದ ಹೆಬ್ಬೆರಳು, ಹನ್ನೆರಡೋ ಹದಿಮೂರೋ.
ಗೆರೆ ಮೀರದಂತೆ, ಉಸಿರು ಬಿಗಿಹಿಡಿದು
ಯಾರೋ ತುಂಬಿದ ಪುಟ್ಟ ಕಪ್ಪು ಸೊನ್ನೆಗಳು.
ಮೇಲಿನ ಮಹಡಿಯಲ್ಲಿ ಒಂಬತ್ತು ದಿನ
ಅವರಿಲ್ಲದೆಯೇ ಲೆಕ್ಕ ಸರಿಹೋಗಿತ್ತು,
ಸಹಿ ಬಿದ್ದಿತ್ತು, ಕೇಕು ಕತ್ತರಿಸಿದ್ದರು,
ನಾನೂ ಒಂದು ತುಂಡು ತಿಂದಿದ್ದೆ.
ಇದನ್ನು ಟೆಕ್ಸಸ್‌ನವನಿಗೆ ಹೇಳಲಿಲ್ಲ.
ಓರ್ವೋನಿಗೂ. ಬರೆದುಬಿಟ್ಟಾನು.

ನಿನ್ನೆ ಪೆಟ್ರೋಲು ಬಂಕಿನ ಅಂಗಡಿಯಲ್ಲಿ
ಬ್ರೆಡ್ಡು, ನಾಲ್ಕು ಬ್ಯಾಟರಿ, ಬೆಂಕಿಪೊಟ್ಟಣ.
ಯಂತ್ರ ತೋರಿಸಿದ್ದನ್ನು ನಾನಿನ್ನೂ ಓದಿರಲಿಲ್ಲ,
ಗಲ್ಲಾದ ಹಿಂದಿನ ವರ್ನಾ ಸರಕ್ಕನೆ
ಒಂದು ಪುದೀನ ಮಿಠಾಯಿ ಎಳೆದು ಅದರೊಳಗೆ ಸೇರಿಸಿದಳು,
ಮುಖ ನೋಡದೆ ಹೊಸ ಮೊತ್ತ ಹೇಳಿದಳು.

ಹಳೆಯದೆಷ್ಟಿತ್ತು ಎಂದು ನಾನು ಕೇಳಲಿಲ್ಲ.
ಕಾರಿನಲ್ಲಿ ಕೂತು ಮಿಠಾಯಿ ಬಾಯಿಗಿಟ್ಟುಕೊಂಡೆ.
ಗಾಜಿನ ಮೇಲೆ ಹಿಮ ಬೀಳತೊಡಗಿತ್ತು, ಒಂದು, ಎರಡು,
ವೈಪರ್ ಹಾಕಿದೆ.