ಅರ್ಹತೆ

ಬಾರ್ನ್ಸ್‌ಲಿ ಮಾರುಕಟ್ಟೆಯ ಹಿಂದಿನ ನನ್ನ ಅಂಗಡಿಗೆ
ವಿಲ್ಫ್ ಓಲ್ಡ್‌ರಾಯ್ಡ್ ತಂದ ಲ್ಯಾಪ್‌ಟಾಪು
ಟವೆಲಿನಲ್ಲಿ ಸುತ್ತಿತ್ತು, ಬಿಸಿ ರೊಟ್ಟಿಯ ಹಾಗೆ.
ಕೀಲಿಗಳ ಸಂದಿಯಲ್ಲಿ ಬಟಾಣಿ ಸಿಪ್ಪೆ, ಒಂದು ಬೂದು ಪುಕ್ಕ.

"ನನಗೆ ಅರ್ಹತೆ ಇಲ್ಲವಂತೆ" ಎಂದ ಅಜ್ಜ.
ಪರದೆಯ ಮೇಲೆ ಬರೆದೇ ಇತ್ತು, ಬಲು ವಿನಯದಿಂದ:
ಈ ಯಂತ್ರ ಹೊಸ ವಿಂಡೋಸಿಗೆ ಅರ್ಹವಲ್ಲ.

ಏನು ಮಾಡುತ್ತೀರಿ ಇದರಲ್ಲಿ?
ಪಾರಿವಾಳಗಳ ಲೆಕ್ಕ. ಯಾವುದು ಯಾವ ಊರಿಂದ
ಎಷ್ಟಕ್ಕೆ ಹಾರಿ ಎಷ್ಟಕ್ಕೆ ಗೂಡು ಸೇರಿತು.
ಭಾನುವಾರ ತಂಗಿಗೊಂದು ಪತ್ರ.
ಅಷ್ಟೇ.

ಕಪಾಟಿನಲ್ಲಿ ಆರುನೂರು ಪೌಂಡಿನ ಹೊಸದಿತ್ತು, ಹದಿನಾರು ಜೀಬಿ.
ಎರಡು ತಿಂಗಳ ಬಾಡಿಗೆ ಬಾಕಿಯಿತ್ತು, ನನ್ನದು.
ನೆಗಡಿಗೆ ಮೂಗು ಕೊಯ್ಯುವ ಮಾತು
ನಾಲಿಗೆಯ ತುದಿಗೆ ಬಂದು
ಆ ಪುಕ್ಕ ನೋಡಿ ಒಳಗೆ ಹೋಯಿತು.

ಇಪ್ಪತ್ತೆರಡು ಪೌಂಡಿನ ಡಿಸ್ಕು, ಪುಕ್ಕಟೆ ಲಿನಕ್ಸು.
ಹಳೆಯದನ್ನೇ ಓಡಿಸಿದರೆ ಅಗುಳಿಯಿಲ್ಲದ ಬಾಗಿಲು,
ಅದೂ ನಿಜ ಎಂದೆ. ಸುಳ್ಳು ಹೇಳಬಾರದಲ್ಲ.

ಶನಿವಾರ ಮತ್ತೆ ಬಂದ, ಮುಖ ಸಪ್ಪೆ.
"ಎಂಟು ಸೆಕೆಂಡಿಗೇ ಎದ್ದು ಕೂರುತ್ತೆ ಇದು.
ಮುಂಚೆ ಗುಂಡಿ ಒತ್ತಿ, ಕೆಟಲ್ ಇಟ್ಟು, ಗೂಡಿಗೆ ಹೋಗಿ
ಒಂದೊಂದನ್ನೂ ಹೆಸರು ಹಿಡಿದು ಮಾತಾಡಿಸಿ ಬರುತ್ತಿದ್ದೆ.
ಈಗ ನನ್ನ ದಾರಿ ಕಾಯುತ್ತೆ,
ಹೊತ್ತಿಗೆ ಮುಂಚೆ ಬಂದ ನೆಂಟರ ಹಾಗೆ."

ಮೊದಲು ಗೂಡು, ಆಮೇಲೆ ಗುಂಡಿ, ಎಂದೆ.
ತಲೆಯಾಡಿಸಿದ. ಒಪ್ಪಿದ ಹಾಗೆ ಕಾಣಲಿಲ್ಲ.
ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟು ಹೊರಟ.
ಪುಕ್ಕ ಅಲ್ಲೇ ಇತ್ತು, ನಾನು ತೆಗೆದಿರಲಿಲ್ಲ.

ಬಾಡಿಗೆ ಮೂರನೇ ತಿಂಗಳಿಗೆ ಬಿತ್ತು.